ಯಾರೂ ತುಳಿಯದ ಜಾಗ

ಅರಳೀಪುರದ ತಂಪುಕೊಳಕ್ಕೆ ವಾಸನೆಯೇ ಇರಲಿಲ್ಲ. ಹಳೇ ತಲೆಗಳಿಗೆ ಇದೇ ಒಂದು ದೊಡ್ಡ ಅನುಮಾನ. ಈಜುಕೊಳವೆಂದರೆ ಬಾಗಿಲಲ್ಲೇ ಮೂಗಿಗೆ ಬಡಿಯುವ ಕ್ಲೋರಿನ್ ಘಾಟು, ಘಾಟಿದ್ದರೇ ನೀರು ಶುದ್ಧ ಎಂದು ನಂಬಿ ಬೆಳೆದವರು ಅವರು. ಆ ಘಾಟು ಔಷಧಿಯದ್ದಲ್ಲ, ಔಷಧಿಗೆ ಜನರ ಬೆವರು, ಉಚ್ಚೆ ಸೇರಿದಾಗ ಹುಟ್ಟುವುದು ಎಂದು ಪಾಪ, ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವರೇನು ನಂಬುತ್ತಿದ್ದರೇ? ಮೂಗಿಗಿಂತ ದೊಡ್ಡ ಪ್ರಯೋಗಾಲಯ ಬೇರೆ ಇದೆಯೆಂದು ಒಪ್ಪುವ ಜನ ನಮ್ಮೂರಲ್ಲಿ ಕಡಿಮೆ.

ಆ ಕಾಲಕ್ಕೆ ಬೇಸಿಗೆ ಒಂದು ಋತುವಾಗಿ ಉಳಿದಿರಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬುದು ಅಜ್ಜಿಯರ ಮಾತಾಯಿತು. ಈಗ ಸಂಕ್ರಾಂತಿಯ ಎಳ್ಳು ಬಾಯಲ್ಲಿರುವಾಗಲೇ ಹೊರಟುಬಿಡುತ್ತಿತ್ತು. ಏಪ್ರಿಲಿನ ಮಧ್ಯಾಹ್ನಗಳಲ್ಲಿ ತಗಡಿನ ಸೂರಿನಡಿ ಕೂತವರು ಕೂತಲ್ಲೇ ಪ್ರಾಣ ಬಿಟ್ಟದ್ದುಂಟು. ಅದಕ್ಕೇ ಸರ್ಕಾರ ಊರೂರಿಗೆ ತಂಪುಕೊಳ ಕಟ್ಟಿಸಿತು. ಬಿಸಿಲೇರಿದಾಗ ಜನ ಬಂದು ನೀರಲ್ಲಿ ಕುತ್ತಿಗೆಮಟ್ಟ ಕೂರುವುದು, ಬಿಸಿಲು ತಗ್ಗಿದ ಮೇಲೆ ಎದ್ದು ಮನೆಗೆ ಹೋಗುವುದು. ಎಮ್ಮೆಗಳಿಗೆ ಮೊದಲಿನಿಂದಲೂ ಗೊತ್ತಿದ್ದ ಉಪಾಯ ಮನುಷ್ಯರಿಗೆ ಯೋಜನೆಯಾಗಿ ಬರಲು ಇಷ್ಟು ಕಾಲ ಹಿಡಿಯಿತು.

ಆದರೆ ನೀರೆಲ್ಲಿ? ಕುಡಿಯುವುದಕ್ಕೇ ತತ್ವಾರ. ಒಮ್ಮೆ ತುಂಬಿಸಿದ ನೀರು ವರ್ಷಗಟ್ಟಲೆ ಅಲ್ಲೇ ಇರಬೇಕು, ದಿನವೂ ಊರಿನ ಮೈಯೆಲ್ಲ ಅದರಲ್ಲಿ ನೆನೆಯಬೇಕು, ಆದರೂ ಕೆಡಬಾರದು. ಆ ಬಿಸಿಲಿಗೆ ಕ್ಲೋರಿನ್ ನಿಲ್ಲುತ್ತಿರಲಿಲ್ಲ. ನಿಲ್ಲುವಷ್ಟು ಸುರಿದರೆ ನೀರಲ್ಲಿ ಕೂತ ಮಕ್ಕಳು ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದವು. ಆಗ ಬಂದದ್ದು 'ತಿಳಿ'. ಬೆಟ್ಟದ ತೊರೆಯೊಂದರ ಬ್ಯಾಕ್ಟೀರಿಯಾವನ್ನು ತಂದು, ಅದರ ಜೀನುಗಳನ್ನು ತಿದ್ದಿ ಮಾಡಿದ ಜೀವಿ ಅದು. ಬೆವರು, ಎಣ್ಣೆ, ಸತ್ತ ಚರ್ಮ, ಕಾಯಿಲೆಯ ಕ್ರಿಮಿ, ಬೆಚ್ಚನೆಯ ನೀರಲ್ಲಿ ಬೆಳೆದು ಮೂಗಿನಿಂದ ಮಿದುಳಿಗೇರುವ ಅಮೀಬಾ, ಏನೇ ಬರಲಿ ತಿಂದು ತೇಗುತ್ತಿತ್ತು. ತಾನು ಬದುಕಿರುವ ತನಕ ನೀರಿಗೆ ನಸುನೀಲಿ ಬಣ್ಣ ಕೊಡುತ್ತಿತ್ತು. ನೀಲಿ ಇದ್ದರೆ ನೀರು ಕ್ಷೇಮ ಎಂದು ಊರಿನ ಮಕ್ಕಳಿಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದರು.

ಹೀಗೆ ತಿದ್ದಿ ಮಾಡಿದ ಜೀವಿಗೆ ಒಂದು ಸಾವಿನ ಬೀಗ ಇರಲೇಬೇಕೆಂದು ಕಾನೂನು. ನಾಳೆ ಅದು ಕೊಳ ಬಿಟ್ಟು ಕೆರೆಗೋ ಹೊಳೆಗೋ ನುಗ್ಗಿದರೆ ಕೊಲ್ಲುವುದಕ್ಕೊಂದು ವಸ್ತು ಬೇಕು. ಅದು ಮನುಷ್ಯರಿಗೆ ಅಪಾಯ ಮಾಡಬಾರದು, ಎಲ್ಲ ಊರಲ್ಲೂ ಸಿಗಬೇಕು, ಆದರೆ ನೀರಿನಲ್ಲಿ ತಾನಾಗಿ ಇರಬಾರದು. ದೊಡ್ಡ ದೊಡ್ಡ ತಲೆಗಳು ಸೇರಿ ಅರಿಶಿನವನ್ನು ಆರಿಸಿದವು. ತಿಳಿಯ ಒಂದು ಕಣಕ್ಕೆ ಅರಿಶಿನ ಸೋಕಿದರೆ ಅದು ಸಾಯುತ್ತ ಪಕ್ಕದ್ದಕ್ಕೂ 'ನೀನೂ ಸಾಯಿ' ಎಂದು ಸುದ್ದಿ ಮುಟ್ಟಿಸುತ್ತದೆ, ಅದು ಅದರ ಪಕ್ಕದ್ದಕ್ಕೆ. ಊರಲ್ಲಿ ಗಾಳಿಸುದ್ದಿ ಹಬ್ಬಿದ ಹಾಗೆ, ಒಂದು ಚಿಟಿಕೆಗೆ ಇಡೀ ಕೊಳ ಖಾಲಿ. ಆ ಸಭೆಯಲ್ಲಿದ್ದವರೆಲ್ಲ ಗಂಡಸರು, ಮಧ್ಯಾಹ್ನ ಚಿತ್ರಾನ್ನ ಉಂಡು ಬಂದು ಕೂತವರು. ಅರಿಶಿನವೆಂದರೆ ಅವರ ಪಾಲಿಗೆ ಒಗ್ಗರಣೆ ಡಬ್ಬಿಯ ಪುಡಿ. ಅದು ಹೆಂಗಸರ ಕೆನ್ನೆಯ ಮೇಲೆ, ಕಾಲಿನ ಮೇಲೆ, ತಾಳಿಯ ದಾರದಲ್ಲಿ, ಮಗುವಿನ ಗಾಯದಲ್ಲಿ ಕೂತು ತಾನೇ ನೀರಿಗೆ ನಡೆದು ಬರುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಕೊಳಗಳೆಲ್ಲ ತುಂಬಿಯಾಗಿತ್ತು. ಬೀಗ ಬದಲಿಸುವುದಕ್ಕಿಂತ ಹೆಂಗಸರನ್ನು ಬದಲಿಸುವುದು ಸುಲಭ ಎಂದು ತೀರ್ಮಾನವಾಗಿ, ಬಾಗಿಲಲ್ಲಿ ಬೋರ್ಡು ಬಿತ್ತು: 'ಅರಿಶಿನ ಹಚ್ಚಿಕೊಂಡವರಿಗೆ ಪ್ರವೇಶವಿಲ್ಲ.'

ಆ ಬೋರ್ಡಿನ ಕೆಳಗೆ ನಿಲ್ಲುತ್ತಿದ್ದವಳು ಮನಸ್ವಿ, ಕೊಳದ ನೀರಧಿಕಾರಿ. ಬೆಳಿಗ್ಗೆ ಬಾಗಿಲಲ್ಲಿ ನೇರಳೆ ಬೆಳಕಿನ ಟಾರ್ಚು, ಮಧ್ಯಾಹ್ನ ನಿಯಂತ್ರಣ ಕೊಠಡಿಯಲ್ಲಿ ಪರದೆಗಳ ಮುಂದೆ ಕೂರುವುದು, ಇಷ್ಟು ಅವಳ ಕೆಲಸ. ಟಾರ್ಚಿನ ಬೆಳಕಿಗೆ ಅರಿಶಿನ ಎಲ್ಲಿದ್ದರೂ ಹಸಿರುಹಳದಿಯಾಗಿ ಹೊಳೆಯುತ್ತಿತ್ತು. ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದ ಹಿಮ್ಮಡಿಯ ಬಿರುಕಿನಲ್ಲೂ ಬಿಡದೆ ಹೊಳೆಯುತ್ತಿತ್ತು. ಹೊಳೆದವರು ವಾಪಸ್ಸು. ಯಾರ ಮುಲಾಜೂ ಇಲ್ಲ. ಮನಸ್ವಿಗೆ ಅದೊಂದು ಹೆಮ್ಮೆ; ನೀರಿನ ಮುಂದೆ ಎಲ್ಲರೂ ಒಂದೇ ಎನ್ನುತ್ತಿದ್ದಳು. ಮನೆಯಲ್ಲೇ ತಂಪು ಯಂತ್ರ ಇದ್ದವರು ಕೊಳದ ಕಡೆ ತಲೆಹಾಕುತ್ತಲೇ ಇರಲಿಲ್ಲ ಎಂಬುದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ದಿನ ಭೂಮಿಕಾ ಬಂದಳು. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಸೂರಿನಡಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಹೊರಗೂ ಬೆಂಕಿ, ಮುಂದೆ ಇಸ್ತ್ರಿಪೆಟ್ಟಿಗೆಯ ಕೆಂಡವೂ ಬೆಂಕಿ. ಜೊತೆಗೆ ಮಗಳು ಚುಕ್ಕಿ, ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇಣುಕುತ್ತಿದ್ದ ಹುಡುಗಿ.

"ಸ್ನಾನ ಮಾಡ್ಕೊಂಡೇ ಬಂದಿದೀನಿ ಮೇಡಂ," ಎಂದಳು ಭೂಮಿಕಾ.

"ದಾರ ತೋರ್ಸಮ್ಮ."

ಭೂಮಿಕಾ ಸೆರಗು ಸರಿಸಿದಳು. ಕುತ್ತಿಗೆಯ ದಾರ ಉದ್ದಕ್ಕೂ ಹೊಳೆಯಿತು.

"ಆಗಲ್ಲ. ಮಗು ಹೋಗ್ಲಿ, ನೀನು ಆಚೆ ಇರು."

"ದಾರ ಬಿಚ್ಚಿಟ್ರೆ ನಮ್ಮತ್ತೆ ಮನೆಯೊಳಕ್ಕೆ ಸೇರಿಸಲ್ಲ, ಹಾಕ್ಕೊಂಡು ಬಂದ್ರೆ ನೀವು ಸೇರಿಸಲ್ಲ. ನಾನೆಲ್ಲಿಗೆ ಹೋಗ್ಲಿ ನೀವೇ ಹೇಳಿ."

"ಕರಿದಾರಕ್ಕೆ ಪೋಣಿಸ್ಕೊ. ಊರಲ್ಲೆಲ್ಲ ಹಾಗೇ ಮಾಡಿದಾರೆ. ನಿನ್ನೊಬ್ಬಳಿಗೋಸ್ಕರ ಎಲ್ಲರ ನೀರು ಸಾಯ್ಸಕ್ಕಾಗತ್ತಾ?"

ಭೂಮಿಕಾ ಬಾಗಿಲಾಚೆಯ ಹೊಂಗೆಮರದ ಕೆಳಗೆ ಒದ್ದೆ ಟವಲು ಹೊದ್ದು ಕೂತಳು. ಅವತ್ತಿನಿಂದ ದಿನವೂ ಅಲ್ಲಿಯೇ ಕೂರುತ್ತಿದ್ದಳು. ಚುಕ್ಕಿ ಮಾತ್ರ ನೀರಿಗಿಳಿಯುತ್ತಿತ್ತು. ಮೊದಮೊದಲು ಮೂಗು ಗಟ್ಟಿಯಾಗಿ ಹಿಡಿದುಕೊಂಡು ಮುಳುಗುತ್ತಿದ್ದ ಆ ಮಗುವಿಗೆ ಮನಸ್ವಿಯೇ ದಂಡೆಯಲ್ಲಿ ಕೂತು ಹೇಳಿಕೊಟ್ಟಳು: "ಮೂಗು ಬಿಡು. ನೀರೊಳಗೆ ಮೆಲ್ಲಗೆ ಉಸಿರು ಬಿಡ್ತಾ ಹೋಗು. ಹೋದ್ರೆ ಒಂಚೂರು ನೀರು ಒಳಗೆ ಹೋಗತ್ತೆ ಅಷ್ಟೇ. ಈ ನೀರು ಏನೂ ಮಾಡಲ್ಲ ಪುಟ್ಟಿ."

ಚುಕ್ಕಿ ಕಲಿಯಿತು. ಆಮೇಲೆ ದಿನಾ ಒಂದೇ ಕೂಗು, "ಮೇಡಂ, ನೋಡಿ, ಮೂಗು ಹಿಡಿದೇ ಇಲ್ಲ!"

ಮನಸ್ವಿಯ ಮನೆಯಲ್ಲಿ ಅವಳೂ ಅವಳ ತಾಯಿ ಶೈಲಜಮ್ಮನೂ ಇಬ್ಬರೇ. ಮಗಳ ಕೈಗೆ, ಬಟ್ಟೆಗೆ ಅಂಟಿಕೊಂಡು ಹೋಗಬಾರದೆಂದು ಆ ಮನೆಯೊಳಗೆ ಅರಿಶಿನವೇ ಇರಲಿಲ್ಲ. ಸಾರು ಬಿಳಿಚಿಕೊಂಡಿರುತ್ತಿತ್ತು.

"ಇದು ಸಾರಾ, ಸಾರಿನ ದೆವ್ವಾನಾ?" ಎಂದು ಶೈಲಜಮ್ಮ ಬಡಿಸುವಾಗಲೆಲ್ಲ ಗೊಣಗುತ್ತಿದ್ದಳು. "ನಿಮ್ಮಪ್ಪ ಇದ್ದಿದ್ರೆ ತಟ್ಟೆ ತಳ್ಳಿ ಎದ್ದು ಹೋಗೋರು."

"ಅಪ್ಪ ನೀನು ಏನು ಹಾಕಿದ್ರೂ ತಿಂತಿದ್ರು. ಸುಮ್ನೆ ಹೇಳ್ಬೇಡ."

ಶೈಲಜಮ್ಮ ನಗುತ್ತಿದ್ದಳು. ಗಂಡ ಹೋಗಿ ವರ್ಷಗಳಾಗಿದ್ದವು. ಮೊದಲು ಬೀದಿಯಲ್ಲಿ ಯಾರ ಮನೆಯ ಆರತಿಯಾದರೂ ಅವಳಿಗೇ ಕರೆ. ಹಾಡು ಎತ್ತಿದರೆ ನಾಲ್ಕು ಮನೆಗೆ ಕೇಳುವ ಗಂಟಲು. ಗಂಡ ಹೋದ ಮೇಲೆ ಯಾರೂ ಬೇಡವೆನ್ನಲಿಲ್ಲ, ಕರೆಯುವುದನ್ನು ಬಿಟ್ಟರು. ಅವಳೂ ಯಾಕೆಂದು ಕೇಳಲಿಲ್ಲ. ಕಾಲ ಇಷ್ಟೆಲ್ಲ ಬದಲಾಗಿ ನೀರಿಗೇ ಜೀವ ಬಂದಿದ್ದರೂ ಈ ಒಂದು ವಿಷಯದಲ್ಲಿ ಊರು ಇದ್ದ ಹಾಗೇ ಇತ್ತು. ಅಮ್ಮ ಹಬ್ಬದ ದಿನ ಬಾಗಿಲ ಹಿಂದೆ ನಿಂತು ಪಕ್ಕದ ಮನೆಯ ಆರತಿ ಹಾಡಿಗೆ ತುಟಿ ಆಡಿಸುವುದನ್ನು ನೋಡಿದಾಗಲೆಲ್ಲ ಮನಸ್ವಿಗೆ ಊರಿನ ಮೇಲೆ ಸಿಟ್ಟು ಬರುತ್ತಿತ್ತು.

ಆ ವರ್ಷ ಅಕಾಲದಲ್ಲಿ ಒಂದು ಮಳೆ ಹುಯ್ದು, ಕಟ್ಟಿದ ಮೇಲೆ ಮೊದಲ ಸಲ ಕೊಳ ಅಂಚಿನ ತನಕ ತುಂಬಿತು. ತುಂಬಿದ ನೀರಿಗೆ ಬಾಗಿನ ಕೊಡದಿದ್ದರೆ ಹೇಗೆ? ಅಣೆಕಟ್ಟಿಗೆ ಕೊಡುತ್ತಾರೆ, ಕೆರೆಗೆ ಕೊಡುತ್ತಾರೆ, ಕೊಳ ಏನು ಪಾಪ ಮಾಡಿತ್ತು? ಮಂತ್ರಿಗಳೇ ಬರುತ್ತಾರೆಂದು ಪೌರಾಯುಕ್ತ ನಿಶ್ಚಲ್ ಹಿಗ್ಗಿ ಹೀರೇಕಾಯಿಯಾದರು. ಮನಸ್ವಿ ಮೊರದ ಲೆಕ್ಕ ಹಾಕಿದಳು. ಬಾಗಿನದ ಮೊರದಲ್ಲಿ ಮೊದಲು ಇಡುವುದೇ ಅರಿಶಿನ.

ಬೇಡವೆಂದರೆ ಕೇಳುವವರು ಯಾರು! ಅವಳು ಬೇರೆ ದಾರಿ ಹಿಡಿದಳು. ಮೆಕ್ಕೆಜೋಳದ ನುಣ್ಣನೆ ಹಿಟ್ಟಿಗೆ ಮಿಠಾಯಿ ಅಂಗಡಿಯ ಹಳದಿ ಬಣ್ಣ ಕಲಸಿ, ಮೊರದಲ್ಲಿದ್ದ ಅರಿಶಿನದ ಪೊಟ್ಟಣ ತೆಗೆದು ಇದನ್ನು ಇಟ್ಟಳು. ಅರಿಶಿನದ ಕೊಂಬಿನ ಬದಲು ಬಣ್ಣ ಹಚ್ಚಿದ ಒಣ ಶುಂಠಿ. ಅಕ್ಷತೆಗೂ ಅದೇ ಬಣ್ಣ. ಎಲ್ಲದರ ಮೇಲೂ ಟಾರ್ಚು ಆಡಿಸಿದಳು, ಏನೂ ಹೊಳೆಯಲಿಲ್ಲ. ಹಳದಿ ಕಂಡಲ್ಲೆಲ್ಲ ಹುಡುಕಿ ಹುಡುಕಿ ಬದಲಿಸಿ ನಿರಾಳವಾದಳು.

ಸಡಗರದಲ್ಲಿ ಮೈಮರೆತ ಪೌರಾಯುಕ್ತರು, "ಆರತಿ ಹಾಡು ಬರೋರು ಯಾರಾದ್ರೂ ಇದಾರಾ ಮೇಡಂ?" ಎಂದು ಕೇಳಿದಾಗ, "ನಮ್ಮಮ್ಮ ಇದಾರೆ" ಎಂದವಳು ಅವಳೇ.

"ನಂಗೇನು ಬುದ್ಧಿ ಕೆಟ್ಟಿದೆಯಾ?" ಶೈಲಜಮ್ಮ ಕೈ ಒದರಿದಳು. "ನಾನು ಆರತಿ ಎತ್ತೋದಾ? ಜನ ಏನಂದಾರು?"

"ಅನ್ನೋರು ಬಂದು ಹಾಡ್ಲಿ, ನೋಡೋಣ. ಅಮ್ಮ, ನಂಗೋಸ್ಕರ."

ಶೈಲಜಮ್ಮ ಒಲ್ಲೆ ಒಲ್ಲೆ ಎನ್ನುತ್ತಲೇ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹರವಿದಳು.

ಬಾಗಿನ ಚೆನ್ನಾಗಿಯೇ ನಡೆಯಿತು. ಮಂತ್ರಿಗಳು ಮೊರ ತೇಲಿಬಿಟ್ಟರು, ಮೆಕ್ಕೆಜೋಳದ ಹಿಟ್ಟು ನೀರಿನ ಮೇಲೆ ಹರಡಿತು. ಶೈಲಜಮ್ಮ ಆರತಿ ಎತ್ತಿ ಹಾಡಿದಳು. ಆ ಗಂಟಲು ಮುಪ್ಪಾಗಿರಲಿಲ್ಲ; ಕ್ಯಾಮೆರಾದವರೂ ಮಂತ್ರಿಗಳನ್ನು ಬಿಟ್ಟು ಅವಳ ಕಡೆ ತಿರುಗಿದರು. ಮನಸ್ವಿ ದೂರದಲ್ಲಿ ನಿಂತು ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು.

ಊಟ ಮುಗಿಸಿ ನಿಯಂತ್ರಣ ಕೊಠಡಿಗೆ ಬಂದಾಗ ಪರದೆಯ ಮೇಲೆ ತಿಳಿಯ ಗೆರೆ ಬಾಗತೊಡಗಿತ್ತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದನ್ನು ನೋಡಿದಳು. ಅದರಲ್ಲೂ ಬಾಗಿತ್ತು. ಕೊಳದ ಮೂಡಣ ಮೂಲೆಯಲ್ಲಿ ಶುರುವಾದ ಸಾವು ಪಡುವಣಕ್ಕೆ ಹಬ್ಬುತ್ತಿತ್ತು. ತಾನು ಮೊರವನ್ನು ಕೈಯಾರೆ ತಪಾಸಣೆ ಮಾಡಿದ್ದಳಲ್ಲ! ಮೂಡಣ ಮೂಲೆಯ ಕ್ಯಾಮೆರಾದ ಚಿತ್ರವನ್ನು ಹಿಂದಕ್ಕೆ ಓಡಿಸಿದಳು. ಗದ್ದಲವೆಲ್ಲ ಊಟದ ಚಪ್ಪರದ ಕಡೆ ಹೊರಟಿದೆ. ರೇಷ್ಮೆ ಸೀರೆಯ ಹೆಂಗಸೊಬ್ಬಳು ಆರತಿ ತಟ್ಟೆ ಹಿಡಿದು ಅತ್ತ ನೋಡುತ್ತಾಳೆ, ಇತ್ತ ನೋಡುತ್ತಾಳೆ. ಸುತ್ತ ಬರೀ ಹಾಸುಗಲ್ಲು, ಜನ ಓಡಾಡುವ ಜಾಗ. ಕೊನೆಗೆ ದಂಡೆಯಲ್ಲಿ ಬಗ್ಗಿ ತಟ್ಟೆಯ ಕೆಂಪು ನೀರನ್ನು ಮೆಲ್ಲಗೆ ಕೊಳಕ್ಕೆ ಬಿಟ್ಟು, ಕೈಮುಗಿದು ಹೋಗುತ್ತಾಳೆ.

ಓಕುಳಿ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆಗುವ ಕೆಂಪು. ಮನಸ್ವಿ ಹಳದಿಯನ್ನೆಲ್ಲ ಹುಡುಕಿದ್ದಳು, ಕೆಂಪಿನ ಕಡೆ ನೋಡಿರಲಿಲ್ಲ.

ಅವಳು ಕೊಳದ ಪಕ್ಕದ ನಗರಸಭೆ ಕಟ್ಟಡದಲ್ಲಿದ್ದ ಪೌರಾಯುಕ್ತರ ಕೋಣೆಗೆ ಓಡಿದಳು. "ಸರ್, ನೀರು ಸಾಯ್ತಿದೆ. ಈಗಲೇ ಮುಚ್ಚಬೇಕು. ಇಲ್ಲಾಂದ್ರೆ ಬ್ಲೀಚಿಂಗ್ ಪೌಡರ್ ಆದ್ರೂ ಹಾಕ್ಬೇಕು. ಈ ಬಿಸಿಗೆ ನಾಳೆ ನಾಡಿದ್ದರಲ್ಲಿ ಅಮೀಬಾ ಎದ್ದುಬಿಡತ್ತೆ."

"ಬ್ಲೀಚಿಂಗ್ ಪೌಡರಾ? ಘಾಟು ಬಸ್‌ಸ್ಟ್ಯಾಂಡ್ ತನಕ ಬರತ್ತೆ. ಮಂತ್ರಿಗಳು ಬಾಗಿನ ಕೊಟ್ಟ ದಿನವೇ ನೀರು ಸತ್ತೋಯ್ತು ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ."

"ಹಾಗಾದ್ರೆ ಮುಚ್ಚಿ ಸರ್."

"ಈ ಬಿಸಿಲಲ್ಲಾ? ಆ ಇಸ್ತ್ರಿಯವರು, ಗಾರೆಯವರು ಎಲ್ಲಿಗೆ ಹೋಗ್ಬೇಕು? ಮುಚ್ಚಿದ್ರೆ ಸಾಯೋದು ಗ್ಯಾರಂಟಿ, ತೆರೆದಿದ್ರೆ ಬರೀ ಅನುಮಾನ. ಹೊಸ ತಿಳಿಗೆ ಹೇಳಿ ಕಳಿಸ್ತೀನಿ, ಎರಡು ವಾರದಲ್ಲಿ ಬರತ್ತೆ. ಅಲ್ಲಿ ತನಕ ನೀರು ನೀಲಿ ಕಂಡ್ರೆ ಸಾಕು. ಬಟ್ಟೆಗೆ ಹಾಕೋ ನೀಲಿ ಸಿಗತ್ತಲ್ಲ?"

"ನಾನು ಹಾಕಲ್ಲ."

ಕೊಳದ ಕ್ಯಾಮೆರಾಗಳ ಚಿತ್ರವೆಲ್ಲ ಬರುತ್ತಿದ್ದ ತಮ್ಮ ಮೇಜಿನ ಪರದೆಯನ್ನು ನಿಶ್ಚಲ್ ಅವಳ ಕಡೆ ತಿರುಗಿಸಿದರು. ಅದೇ ಮೂಲೆ, ಅದೇ ರೇಷ್ಮೆ ಸೀರೆ.

"ನಿಮ್ಮ ತಾಯಿಯವರಲ್ವಾ? ಎಷ್ಟು ಚೆನ್ನಾಗಿ ಹಾಡಿದ್ರು. ಇದು ಆಚೆಗೆ ಹೋದ್ರೆ ಜನ ಅರಿಶಿನ, ಸುಣ್ಣ ಅಂತೆಲ್ಲ ಲೆಕ್ಕ ಹಾಕಲ್ಲ ಮೇಡಂ. ಗಂಡ ಇಲ್ಲದೋರು ಆರತಿ ಎತ್ತಿದ್ದಕ್ಕೇ ಹೀಗಾಯ್ತು ಅಂತಾರೆ. ನಾನು ಅನ್ನಲ್ಲಪ್ಪ. ಜನ ಅಂತಾರೆ."

ಮನಸ್ವಿಗೆ ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ, ಅದೇ ಅವಳ ಬಾಯಿ ಕಟ್ಟಿತು.

ಮನೆಗೆ ಬಂದರೆ ಶೈಲಜಮ್ಮ ಸೀರೆ ಕೂಡ ಬದಲಿಸದೆ ಜಗುಲಿಯಲ್ಲಿ ಕೂತಿದ್ದಳು. ಬೀದಿಯ ಹೆಂಗಸರೆಲ್ಲ ಬಂದು ಮಾತಾಡಿಸಿ ಹೋಗಿದ್ದರಂತೆ. ಎದುರು ಮನೆಯವರು ಮುಂದಿನ ಶುಕ್ರವಾರದ ಆರತಿಗೆ ಕರೆದಿದ್ದರಂತೆ.

"ಅಮ್ಮ, ಓಕುಳಿಗೆ ಅರಿಶಿನ ಎಲ್ಲಿಂದ ತಂದೆ?"

"ಪಕ್ಕದ ಮನೇಲಿ ಇಸ್ಕೊಂಡೆ. ಬೈಬೇಡ, ನಿನ್ನ ನೀರಿನ ಭಯ ನಂಗೂ ಇದೆ. ಸುಣ್ಣ ಕಲಸಿದ ಮೇಲೆ ನಿನ್ನ ಟಾರ್ಚ್ ಬಿಟ್ಟು ನೋಡಿದೆ. ಒಂಚೂರೂ ಹೊಳೀಲಿಲ್ಲ ಕಣೇ! ಅರಿಶಿನದ ಗುಣ ಸುಣ್ಣಕ್ಕೆ ಸತ್ತೋಗಿರತ್ತೆ ಅಂತ ಧೈರ್ಯ ಬಂತು. ಆರತಿ ನೀರು ಯಾರೂ ತುಳೀಬಾರ್ದಲ್ಲ, ಅಲ್ಲಿ ನೋಡಿದ್ರೆ ಎಲ್ಲ ಕಡೆ ಜನ ಓಡಾಡೋ ಜಾಗ. ನೀರಿಗೇ ಬಿಟ್ಟೆ. ತಪ್ಪಾಯ್ತಾ?"

ಸುಣ್ಣ ಸೇರಿದ ಅರಿಶಿನ ಟಾರ್ಚಿಗೆ ಹೊಳೆಯುವುದಿಲ್ಲ. ಆದರೆ ಕೊಳದಷ್ಟು ನೀರಿಗೆ ಬಿದ್ದಾಗ ಸುಣ್ಣ ತೆಳುವಾಗಿ, ಕೆಂಪು ಬಿಟ್ಟು ಅದು ಮತ್ತೆ ಅರಿಶಿನವೇ ಆಗುತ್ತದೆ. ಶಾಲೆಯಲ್ಲಿ ಅರಿಶಿನದ ಕಾಗದಕ್ಕೆ ಸುಣ್ಣದ ನೀರು, ಆಮೇಲೆ ನಿಂಬೆರಸ ಹಾಕಿ ಆಟವಾಡದ ಮಕ್ಕಳುಂಟೇ? ಟಾರ್ಚು ಮಾಡಿದವರಿಗೂ ಇದು ನೆನಪಾಗಲಿಲ್ಲ, ಅದನ್ನು ಹಿಡಿದು ಮೆರೆದ ಮನಸ್ವಿಗೂ ನೆನಪಾಗಲಿಲ್ಲ. ಅಮ್ಮ ಮಾಡಿದ ತಪ್ಪೆಂದರೆ ಮಗಳ ಯಂತ್ರವನ್ನು ನಂಬಿದ್ದು.

"ಇಲ್ಲಮ್ಮ," ಎಂದಳು ಮನಸ್ವಿ. "ಏನೂ ಆಗಿಲ್ಲ."

ಮಾರನೆಯ ಬೆಳಗ್ಗೆ ಅವಳೇ ಬಕೆಟ್ಟಿನಲ್ಲಿ ನೀಲಿ ಕದಡಿ ಕೊಳಕ್ಕೆ ಸುರಿದಳು. ಕೊಳ ಹಿಂದೆಂದೂ ಇಲ್ಲದಷ್ಟು ಚೆಂದವಾಗಿ ಕಂಡಿತು. ಜನ ಇಳಿದರು. ಮನಸ್ವಿ ಮೈಕಿನಲ್ಲಿ 'ಯಾರೂ ತಲೆ ಮುಳುಗ್ಸಬೇಡಿ, ಕುತ್ತಿಗೆ ತನಕ ಮಾತ್ರ' ಎಂದು ಹೇಳುತ್ತಲೇ ಇದ್ದಳು. ದೊಡ್ಡವರು ಕೇಳಿದರು. ಮಕ್ಕಳು ಯಾವ ಕಾಲದಲ್ಲಿ ಮೈಕಿನ ಮಾತು ಕೇಳಿವೆ?

ಎರಡು ದಿನದ ಮೇಲೆ ಪರದೆಯಲ್ಲಿ ಅಮೀಬಾದ ಗೆರೆ ತಲೆಯೆತ್ತಿತು. ಅವಳು ಮತ್ತೆ ಪೌರಾಯುಕ್ತರಲ್ಲಿಗೆ ಹೋದಳು, ಮತ್ತೆ ಬರಿಗೈಯಲ್ಲಿ ಬಂದಳು. ಅವತ್ತೇ ಭೂಮಿಕಾ ಬಾಗಿಲಿಗೆ ಬಂದಳು, ಮುಖವೆಲ್ಲ ನಗು. ಕೊನೆಗೂ ಅತ್ತೆಯನ್ನು ಒಪ್ಪಿಸಿ ತಾಳಿಯನ್ನು ಕರಿದಾರಕ್ಕೆ ಪೋಣಿಸಿಕೊಂಡಿದ್ದಳು.

"ಈಗ ನೋಡಿ ಮೇಡಂ, ಎಲ್ಲಿ ಬೇಕಾದ್ರೂ ಲೈಟ್ ಬಿಡಿ."

ಮನಸ್ವಿ ಟಾರ್ಚು ಬಿಟ್ಟಳು. ಕುತ್ತಿಗೆಯಲ್ಲಿ ಇಲ್ಲ, ಕೈಯಲ್ಲಿ ಇಲ್ಲ, ಹಿಮ್ಮಡಿಯಲ್ಲೂ ಇಲ್ಲ. ಪಕ್ಕದಲ್ಲಿ ಚುಕ್ಕಿ ತುದಿಗಾಲಲ್ಲಿ ನಿಂತು ಅಮ್ಮನ ಕೈ ಎಳೆಯುತ್ತಿತ್ತು.

"ಹೊಳೀತಿದೆ," ಎಂದಳು ಮನಸ್ವಿ. "ಇಬ್ಬರದ್ದೂ ಹೊಳೀತಿದೆ. ವಾಪಸ್ ಹೋಗಿ."

"ಎಲ್ಲಿ ಹೊಳೀತಿದೆ? ತೋರಿಸಿ."

"ಹೇಳಿದ್ನಲ್ಲ, ಹೋಗು ಅಂತ. ಈ ವಾರ ಬರ್ಲೇಬೇಡಿ."

ಭೂಮಿಕಾಳ ನಗು ಹೋಯಿತು. ಇಷ್ಟು ದಿನ ಹೊಂಗೆಮರದ ಕೆಳಗೆ ಕೂತು ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. "ನಾನು ಏನು ಮಾಡಿದ್ರೂ ನಿಮ್ಮ ಕಣ್ಣಿಗೆ ಕೊಳಕೇ ಅಲ್ವಾ? ದಾರ ತೆಗೀ ಅಂದ್ರಿ, ತೆಗ್ದೆ. ಇನ್ನೇನು ಚರ್ಮ ಸುಲ್ಕೊಂಡು ಬರ್ಲಾ?"

ಸಾಲಿನಲ್ಲಿದ್ದವರು ಅವಳ ಪರ ಕೂಗೆದ್ದರು. ಎಲ್ಲರೂ ಒಂದಲ್ಲ ಒಂದು ದಿನ ಆ ಟಾರ್ಚಿನಿಂದ ವಾಪಸ್ಸು ಹೋದವರೇ. ಗಲಾಟೆ ಕೇಳಿ ಪೌರಾಯುಕ್ತರು ಹೊರಗೆ ಬಂದರು. ತಾವೇ ಟಾರ್ಚು ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಭೂಮಿಕಾಳ ಮೇಲೆ ಬಿಟ್ಟರು.

"ಎಲ್ಲಿದೆ ಅರಿಶಿನ? ನಮ್ಮ ಕೊಳದಲ್ಲಿ ಯಾರಿಗೂ ಭೇದಭಾವ ಇಲ್ಲ. ಬಾಮ್ಮ, ನಾನೇ ಕರ್ಕೊಂಡು ಹೋಗ್ತೀನಿ."

ಯಾರೋ ಫೋಟೋ ತೆಗೆದರು. ಮನಸ್ವಿಯ ಬಾಯಿಯ ತನಕ ಒಂದು ಮಾತು ಬಂತು. ನೀರು ಸತ್ತಿದೆ. ಅಷ್ಟೇ ಮಾತು. ಕೂಗಿದ್ದರೆ ಇಡೀ ಸಾಲಿಗೆ ಕೇಳುತ್ತಿತ್ತು. ಯಾಕೆ ಸತ್ತಿತು, ಯಾರಿಂದ ಸತ್ತಿತು ಎಂಬ ಮುಂದಿನ ಪ್ರಶ್ನೆ ನೆನಪಾಯಿತು; ಜಗುಲಿಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತ ಅಮ್ಮ ನೆನಪಾದಳು. ಅವಳು ಬಾಯಿ ಬಿಡಲಿಲ್ಲ. ಒಳಗಿನಿಂದ ಚುಕ್ಕಿಯ ಕೂಗು ಕೇಳಿಸಿತು, "ಅಮ್ಮ, ನೋಡು, ಮೂಗು ಹಿಡಿದೇ ಇಲ್ಲ!"

ಒಂದು ವಾರಕ್ಕೆ ಚುಕ್ಕಿಗೆ ಜ್ವರ ಬಂತು. ತಲೆನೋವು ಎಂದು ಅಳುತ್ತಿದ್ದ ಮಗು ಆಮೇಲೆ ಕುತ್ತಿಗೆ ಅಲ್ಲಾಡಿಸಲಾರದೆ ಮಲಗಿತು, ಆಮೇಲೆ ಅಮ್ಮನ ಗುರುತನ್ನೂ ಹಿಡಿಯಲಿಲ್ಲ. ಮನಸ್ವಿ ಆಸ್ಪತ್ರೆಗೆ ಹೋಗಿ ವೈದ್ಯರನ್ನು ಹೊರಗೆ ಕರೆದು ಅಮೀಬಾ ಎಂದು ಹೇಳಿದಳು. ಆ ಮಾತನ್ನು ಅವಳು ಪೌರಾಯುಕ್ತರ ಕೋಣೆಯ ಆಚೆ ಆಡಿದ್ದು ಅದೇ ಮೊದಲು. ಹೊತ್ತು ಮೀರಿತ್ತು. ಚುಕ್ಕಿ ಉಳಿಯಲಿಲ್ಲ.

ಕೊಳಕ್ಕೆ ಬೀಗ ಬಿತ್ತು. ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಬಂದು ಬಿತ್ತು. ಘಾಟು ನಿಜವಾಗಿಯೂ ಬಸ್‌ಸ್ಟ್ಯಾಂಡಿನ ತನಕ ಹೋಯಿತು. ಹಳೇ ತಲೆಗಳು ಮೂಗರಳಿಸಿ, "ಈಗ ನೋಡಿ, ನೀರು ಶುದ್ಧ ಆಯ್ತು" ಎಂದು ಸಮಾಧಾನಪಟ್ಟರು. ನಗರಸಭೆಯಿಂದ ಒಂದು ಪ್ರಕಟಣೆ ಹೊರಟಿತು: ನಿಯಮ ಮೀರಿ ಅರಿಶಿನ ಹಚ್ಚಿಕೊಂಡು ಇಳಿದ ಯಾರೋ ಮಹಿಳೆಯಿಂದ ನೀರು ಕೆಟ್ಟಿರುವ ಸಂಭವವಿದೆ, ಇನ್ನು ಮುಂದೆ ತಪಾಸಣೆ ಬಿಗಿ ಮಾಡಲಾಗುವುದು.

ಒಂದು ಸಂಜೆ ಭೂಮಿಕಾ ಮನಸ್ವಿಯ ಮನೆ ಹುಡುಕಿಕೊಂಡು ಬಂದಳು. ಹೊಸಿಲಾಚೆ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

"ತಪ್ಪಾಯ್ತು ಮೇಡಂ," ಎಂದಳು. "ನೀವು ಅವತ್ತೇ ಹೇಳಿದ್ರಿ, ಹೊಳೀತಿದೆ ಹೋಗು ಅಂತ. ನಾನು ನಿಮ್ಮ ಮೇಲೇ ಜಗಳಕ್ಕೆ ಬಿದ್ದೆ. ಎಲ್ಲೋ ಉಗುರಿನ ಸಂದೀಲಿ ಉಳ್ಕೊಂಡಿತ್ತೇನೋ. ನನ್ನ ಮೈಯಿಂದಾನೇ ನೀರು ಸತ್ತಿದ್ದು. ನನ್ನ ಮಗೂನ ನಾನೇ... ಕ್ಷಮಿಸ್ಬಿಡಿ ಮೇಡಂ. ಊರಿಗೂ ಕೆಟ್ಟದ್ದು ಮಾಡಿದೆ."

ಅವಳು ಬಗ್ಗಿ ಮನಸ್ವಿಯ ಕಾಲು ಮುಟ್ಟಲು ಬಂದಳು. ಮನಸ್ವಿ ಹಿಂದಕ್ಕೆ ಸರಿದಳು. ಅಲ್ಲ ಎಂದು ಹೇಳಬೇಕು, ಹೇಳಿದರೆ ಎಲ್ಲವನ್ನೂ ಹೇಳಬೇಕು, ಅಮ್ಮ ಅಡುಗೆಮನೆಯಲ್ಲೇ ಇದ್ದಾಳೆ. ಮನಸ್ವಿಯ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಭೂಮಿಕಾಳೇ ಅವಳನ್ನು ಸಮಾಧಾನ ಮಾಡತೊಡಗಿದಳು.

ಮಾತು ಕೇಳಿ ಶೈಲಜಮ್ಮ ಹೊರಗೆ ಬಂದಳು. ಭೂಮಿಕಾಳ ತಲೆ ಸವರಿದಳು. "ಹಾಗೆಲ್ಲ ಅನ್ಕೋಬೇಡ ಕಂದ. ಹೆತ್ತೋಳು ಕೊಲ್ತಾಳೇನು? ಇರು, ಬರಿಗೈಲಿ ಹೋಗ್ಬೇಡ," ಎಂದು ಒಳಗೆ ಹೋಗಿ ಬಟ್ಟಲು ತಂದಳು. ಆ ಆರತಿಯಾದ ಮೇಲೆ ಅವಳು ಮನೆಗೆ ಬಂದ ಹೆಂಗಸರಿಗೆ ಮತ್ತೆ ಅರಿಶಿನ ಕುಂಕುಮ ಕೊಡತೊಡಗಿದ್ದಳು.

"ನಿಮ್ಮ ಮನೇಲಿ ಅರಿಶಿನ ಇದೆಯಾ?" ಎಂದಳು ಭೂಮಿಕಾ.

"ಇರ್ಲಿಲ್ಲ ಕಣಮ್ಮ, ಇವಳು ಬಿಡ್ತಿರ್ಲಿಲ್ಲ. ಬಾಗಿನದ ದಿನ ಓಕುಳಿಗೆ ಅಂತ ತಂದದ್ದರಲ್ಲಿ ಮಿಕ್ಕಿದ್ದು ಇದು. ಆರತಿ ನಾನೇ ಎತ್ತಿದ್ದು, ನೀನು ನೋಡ್ಲಿಲ್ವಾ?"

"ಆ ಓಕುಳಿ," ಭೂಮಿಕಾಳ ಕೈ ಬಟ್ಟಲಿನ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಎಲ್ಲಿ ಚೆಲ್ಲಿದ್ರಿ ಅಮ್ಮ?"

"ನೀರಿಗೇ ಬಿಟ್ಟೆ. ಯಾರೂ ತುಳಿಯದ ಜಾಗ ಅಂದ್ರೆ ಅಲ್ಲಿ ಅದೊಂದೇ ಇದ್ದದ್ದು."

ಭೂಮಿಕಾ ನಿಧಾನವಾಗಿ ಮನಸ್ವಿಯ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

ಮನಸ್ವಿ ಹೌದೆಂದು ತಲೆಯಾಡಿಸಿದಳು.

"ಅವತ್ತು ನಾವು ಬಂದಾಗ್ಲೇ ಗೊತ್ತಿತ್ತಾ?"

"ಹೂಂ. ಅದಕ್ಕೇ ಹೋಗು ಅಂದೆ."

"ಹೋಗು ಅಂದ್ರಿ," ಎಂದಳು ಭೂಮಿಕಾ. ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ದಿನಾ ಅಂತಿದ್ರಿ. ಅವತ್ತು ಯಾಕೆ ಅಂತ ಹೇಳಿದ್ರೆ ಸಾಕಾಗಿತ್ತು."

ಅವಳು ಮೆಟ್ಟಿಲಿಳಿದು ಹೋದಳು. ಬೀದಿಯ ತಿರುವಿನ ತನಕ ಕಂಡು, ಆಮೇಲೆ ಕಾಣಲಿಲ್ಲ. ಶೈಲಜಮ್ಮ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು.

"ಅರಿಶಿನ ಕುಂಕುಮ ತಗೊಳ್ದೇ ಹೋದ್ಲಲ್ಲೇ," ಎಂದಳು. "ನನ್ನ ಕೈದು ಬೇಡ ಅನ್ನಿಸ್ತೇನೋ. ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ಮನಸ್ವಿ ಅಮ್ಮನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟಳು. ಬೆರಳಿಗೆ ಅಂಟಿದ ಅರಿಶಿನವನ್ನು ಒರೆಸಿಕೊಳ್ಳಲಿಲ್ಲ.

"ಕೂತ್ಕೋ ಅಮ್ಮ," ಎಂದಳು. "ಹೇಳ್ತೀನಿ."